ಹಾಸಿಗೆಯ ಧೂಳು ಮತ್ತು ಉಬ್ಬಸ

ಹೆಂಚಿನ ಮನೆಯ ಬೆಳಕಿಂಡಿಯಿಂದ ಓರೆಯಾಗಿ ಇಳಿಯುವ ಬಿಸಿಲುಕೋಲಿನಲ್ಲಿ ಅಸಂಖ್ಯ ಕಣಗಳು ತೇಲಾಡುವುದನ್ನು ನೋಡದವರಿಲ್ಲ. ನಮ್ಮ ಪ್ರಾಚೀನರು ಅಂಥ ಕಣಕ್ಕೆ ತ್ರಸರೇಣುವೆಂಬ ಹೆಸರನ್ನೇ ಇಟ್ಟಿದ್ದರು. ಬಿಸಿಲು ಸರಿದೊಡನೆ ಕಣಗಳು ಮರೆಯಾಗಿ, ಗಾಳಿ ನಿರ್ಮಲವಾಯಿತೆಂದು ತೋರುತ್ತದೆ. ವಾಸ್ತವವಾಗಿ ಕಣಗಳು ಅಲ್ಲಿಯೇ ಇವೆ. ಅವನ್ನು ಕಾಣಿಸುತ್ತಿದ್ದ ಬೆಳಕು ಮಾತ್ರ ಹೋಗಿದೆ. ಬಹುಮಂದಿಗೆ ಇವುಗಳಿಂದ ಬಾಧೆಯಿಲ್ಲ. ಕೆಲವರಿಗಾದರೋ ಬೆಳಗ್ಗೆ ಎದ್ದೊಡನೆ ಮೇಲಿಂದ ಮೇಲೆ ಸೀನು, ಮೂಗಿನಲ್ಲಿ ನೀರು, ಕಣ್ಣಿನಲ್ಲಿ ನವೆ. ಇನ್ನು ಕೆಲವರಿಗೆ ನಡುರಾತ್ರಿಯಲ್ಲಿ ಎದೆ ಬಿಗಿದು ಉಬ್ಬಸ. ಮಂಜಿನಲ್ಲಿ ಓಡಾಡಿದ್ದರಿಂದ ಬಂತು, ಬಾಳೆಯ ಹಣ್ಣು ತಿಂದದ್ದರಿಂದ ಬಂತು ಎಂದು ಮನೆಯವರು ಕಾರಣವನ್ನು ಎಲ್ಲೆಲ್ಲಿಯೋ ಹುಡುಕುತ್ತಾರೆ. ಅದು ಅನೇಕ ವೇಳೆ ತಲೆಯ ಕೆಳಗಿನ ದಿಂಬಿನಲ್ಲಿಯೇ ಇರುತ್ತದೆ.

ಮನೆಯ ಧೂಳು ಉಬ್ಬಸವನ್ನು ಕೆರಳಿಸಬಲ್ಲುದೆಂದು 1920ರ ದಶಕದ ಆದಿಯಲ್ಲಿಯೇ ವೈದ್ಯರು ಗುರುತಿಸಿದ್ದರು. ಆದರೆ ಧೂಳೆಂಬುದು ಒಂದು ವಸ್ತುವಲ್ಲ. ಅರಳೆ, ಮಣ್ಣು, ಕೂದಲು, ಬೂಷ್ಟು, ಚರ್ಮದ ಹೊಟ್ಟು ಎಲ್ಲವೂ ಅದರಲ್ಲಿ ಸೇರಿವೆ. ಇವುಗಳಲ್ಲಿ ಅಪರಾಧಿ ಯಾವುದು? ಹಾಲೆಂಡಿನ ಲೈಡನ್ ನಗರದಲ್ಲಿ ಫೋರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಎಂಬ ವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ತೇವವಿರುವ ಮನೆಗಳ ಧೂಳು ಒಣ ಮನೆಗಳ ಧೂಳಿಗಿಂತ ಹೆಚ್ಚು ಉಗ್ರವೆಂಬುದು ಅವರಿಗೆ ಸುಳಿವಾಯಿತು. ತೇವವನ್ನು ಬಯಸುವ ಯಾವುದೋ ಜೀವಿ ಅದರಲ್ಲಿರಬೇಕಷ್ಟೆ! ಸೂಕ್ಷ್ಮದರ್ಶಕದಡಿಯಲ್ಲಿ ಆ ಜೀವಿ ಸಿಕ್ಕಿತು. ಧೂಳಿನ ನುಸಿಯೇ ಮುಖ್ಯ ಅಪರಾಧಿಯೆಂದು ಅವರು 1964ರಲ್ಲಿ ಸಾರಿದರು.

ನುಸಿ ಎಂದರೆ ತೆಂಗು ಬೆಳೆಯುವ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಧೂಳಿನ ನುಸಿಯೂ ಎಂಟು ಕಾಲಿನ, ಜೇಡದ ಬಳಗಕ್ಕೆ ಸೇರಿದ ಪ್ರಾಣಿಯೇ. ಉದ್ದ ಸುಮಾರು 0.3 ಮಿಲಿಮೀಟರು. ತಿಗಣೆಯಂತೆ ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಹಾಸಿಗೆಯಲ್ಲಿ ಬಾಳುತ್ತದೆ. ಹಾನಿ ಬರುವುದು ಹೆಚ್ಚಾಗಿ ಅದರ ಹಿಕ್ಕೆಯಿಂದ. ಆಹಾರವನ್ನು ಅರಗಿಸುವ ಒಂದು ಕಿಣ್ವ ಆ ಹಿಕ್ಕೆಯಲ್ಲಿ ಉಳಿದಿರುತ್ತದೆ. ಈ ಪ್ರೋಟೀನನ್ನು 1980ರಲ್ಲಿ ಬೇರ್ಪಡಿಸಿ ತೋರಿಸಲಾಯಿತು.

ನುಸಿ ನೀರು ಕುಡಿಯುವುದಿಲ್ಲ. ಅದರ ಕಾಲುಗಳ ಬುಡದ ಬಳಿ ಇರುವ ಗ್ರಂಥಿಗಳು ಒಂದು ಉಪ್ಪುದ್ರವವನ್ನು ಒಸರುತ್ತವೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವಂತೆ ಅದು ಗಾಳಿಯ ಆವಿಯನ್ನು ಹೀರಿಕೊಳ್ಳುತ್ತದೆ. ಸಾಪೇಕ್ಷ ಆರ್ದ್ರತೆ ಬಹುದಿನ 50 ಪ್ರತಿಶತಕ್ಕಿಂತ ಕೆಳಗಿದ್ದರೆ ನುಸಿ ಒಣಗಿ ಸಾಯುತ್ತದೆ. ಉಬ್ಬಸದ ರೋಗಿಗಳು ಆಲ್ಪ್ಸ್ ಪರ್ವತದ ಮೇಲಿನ ದಾವೋಸಿಗೆ ಹೋಗಿ ಗುಣ ಕಾಣುತ್ತಿದ್ದುದರ ಗುಟ್ಟು ಬಹುಮಟ್ಟಿಗೆ ಇದೇ. ಲೆಕ್ಕ ಸುಲಭ. 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ಆವಿ ಸುಮಾರು 4.8 ಗ್ರಾಂ, 20 ಡಿಗ್ರಿಯಲ್ಲಿ 17.3 ಗ್ರಾಂ. ಹೊರಗಿನ ಹಿಮಶೀತಲ ಗಾಳಿ, ಪೂರ್ತಿ ಸಂತೃಪ್ತವಾಗಿದ್ದರೂ, ಮನೆಯೊಳಗೆ ಬಂದು ಬೆಚ್ಚಗಾದಾಗ ಅದರ ಆರ್ದ್ರತೆ 28 ಪ್ರತಿಶತಕ್ಕೆ ಇಳಿಯುತ್ತದೆ. ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲ ಇದಕ್ಕೆ ತೀರ ವಿರುದ್ಧ; ಗೋಡೆಯೇ ಬೆವರುವ ಆ ತಿಂಗಳುಗಳಲ್ಲಿ ಹತ್ತಿಯ ಹಾಸಿಗೆ ನುಸಿಗೆ ಸ್ವರ್ಗಸಮಾನ.

ಇಂಥ ನಿರುಪದ್ರವಿ ಪ್ರೋಟೀನನ್ನು ಶತ್ರುವೆಂದು ಭ್ರಮಿಸಿ ದೇಹವು ಹೋರಾಡತೊಡಗುವುದೇ ಅಲರ್ಜಿ. 1906ರಲ್ಲಿ ಈ ಪದವನ್ನು ಟಂಕಿಸಿದವನು ವಿಯೆನ್ನಾದ ಫಾನ್ ಪಿರ್ಕೆ. ಇದಕ್ಕೆ ಕಾರಣವಾದ ಪ್ರತಿಕಾಯವನ್ನು ಇಶಿಜಾಕ ದಂಪತಿಗಳು 1966ರಲ್ಲಿ ಕಂಡುಹಿಡಿದರು. ಹಿಸ್ಟಮಿನ್ ಮೊದಲಾದ ದ್ರವ್ಯಗಳು ಹೊರಬಿದ್ದು, ಶ್ವಾಸನಾಳದ ಸ್ನಾಯು ಬಿಗಿದುಕೊಳ್ಳುತ್ತದೆ, ಒಳಪೊರೆ ಊದುತ್ತದೆ. ಇಲ್ಲಿ ಭೌತವಿಜ್ಞಾನದ ಒಂದು ನಿಯಮ ನಿಷ್ಕರುಣೆಯಿಂದ ಎದುರಾಗುತ್ತದೆ. ಪ್ವಾಸೇಯ್ ತೋರಿಸಿದಂತೆ, ಕೊಳವೆಯ ಪ್ರತಿರೋಧ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮ. ಕಿರುನಾಳದ ತ್ರಿಜ್ಯ ಅರ್ಧವಾದರೆ ಪ್ರತಿರೋಧ ಎರಡು ಪಟ್ಟಲ್ಲ, ಹದಿನಾರು ಪಟ್ಟು! ಉಬ್ಬಸದಲ್ಲಿ ಕುಳಿತ ಮಗು ಉಸಿರು ಬಿಡಲು ಏಕೆ ಅಷ್ಟು ಶ್ರಮಪಡುತ್ತದೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಪರಿಹಾರದ ಮಾತು. ಇಲ್ಲಿಯೂ ಒಂದು ಲೆಕ್ಕ ನೆರವಾಗುತ್ತದೆ. ಗಾಳಿಯಲ್ಲಿ ಬೀಳುವ ಸಣ್ಣ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬುದು ಸ್ಟೋಕ್ಸನ ನಿಯಮ. ನುಸಿಯ ಹಿಕ್ಕೆಯ ವ್ಯಾಸ ಸುಮಾರು 20 ಮೈಕ್ರಾನ್. ನಿಶ್ಚಲ ಗಾಳಿಯಲ್ಲಿ ಅದು ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಒಂದೂವರೆ ಮೀಟರಿನಿಂದ ನೆಲ ಮುಟ್ಟಲು ಎರಡು ನಿಮಿಷ ಸಾಕು. ಎರಡು ಮೈಕ್ರಾನಿನ ಕಣವಾದರೆ ಮೂರೂವರೆ ಗಂಟೆ ಬೇಕು. ಬೆಕ್ಕಿನಿಂದ ಬರುವ ಅಲರ್ಜಿಕಾರಕದ ಗಣನೀಯ ಭಾಗ ಇಂಥ ಸಣ್ಣ ಕಣಗಳ ಮೇಲಿರುವುದರಿಂದಲೇ, ಬೆಕ್ಕಿರುವ ಮನೆಯನ್ನು ಹೊಕ್ಕೊಡನೆ ಕೆಲವರು ಸೀನುತ್ತಾರೆ. ಗಾಳಿ ಸೋಸುವ ಯಂತ್ರವನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ತೇಲುವ ಸಣ್ಣ ಕಣಗಳನ್ನು ಯಂತ್ರ ಹಿಡಿದೀತು. ನುಸಿಯ ಕಣವಾದರೋ ನಾವು ಹೊರಳಿದಾಗ ದಿಂಬಿನಿಂದೆದ್ದು, ಗೇಣು ದೂರದ ಮೂಗನ್ನು ಹೊಕ್ಕಿರುತ್ತದೆ. ಮೂಲೆಯ ಯಂತ್ರ ಅದನ್ನು ಮುಟ್ಟುವುದು ಎಲ್ಲಿಂದ ಬಂತು?

ಧೂಪ, ಊದುಬತ್ತಿ, ಸೊಳ್ಳೆಬತ್ತಿಗಳ ಹೊಗೆಯ ಬಗೆ ಬೇರೆ. ಅದು ಅಲರ್ಜಿಯನ್ನುಂಟುಮಾಡದಿದ್ದರೂ, ಮೊದಲೇ ಕೆರಳಿದ ನಾಳವನ್ನು ಮತ್ತಷ್ಟು ಕೆರಳಿಸುತ್ತದೆ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮಕಣಗಳನ್ನು ಬಿಡುತ್ತದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದಿದೆ. ಉಬ್ಬಸದ ಮಗು ಮಲಗುವ ಕೋಣೆಗೆ ಸೊಳ್ಳೆಪರದೆಯೇ ಲೇಸು.

ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಹಳೆಯ ವಾಡಿಕೆ ಒಳ್ಳೆಯದೇ. ಕಾದು ಒಣಗಿದ ಹಾಸಿಗೆಯಲ್ಲಿ ನುಸಿ ಉಳಿಯಲಾರದು. ಆದರೆ ಅದು ಸತ್ತರೂ ಹಿಕ್ಕೆ ಉಳಿಯುತ್ತದೆ. ಹಾಸಿಗೆಯನ್ನು ಹೊರಗೇ ಚೆನ್ನಾಗಿ ಬಡಿಯಬೇಕು, ಬಡಿಯುವವರು ರೋಗಿಯಾಗಿರಬಾರದು. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುವುದಲ್ಲದೆ ಅಲರ್ಜಿಕಾರಕವೂ ತೊಳೆದುಹೋಗುತ್ತದೆ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ನೀರು ಕಣಗಳನ್ನು ಅಂಟಿಸಿಕೊಂಡು ಮೇಲೇಳಗೊಡುವುದಿಲ್ಲ. ಯಾವುದಾದರೂ ಒಂದೇ ಉಪಾಯವನ್ನು ನೆಚ್ಚುವುದು ಮಾತ್ರ ತಪ್ಪು. ನುಸಿ ತೂರದ ಹಾಸಿಗೆಗವುಸುಗಳನ್ನು 1122 ಮಂದಿ ವಯಸ್ಕ ರೋಗಿಗಳಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಗವುಸೊಂದರಿಂದಲೇ ಉಬ್ಬಸ ತಗ್ಗಲಿಲ್ಲ. ಆದುದರಿಂದ ಶುಚಿತ್ವವು ಔಷಧಕ್ಕೆ ಬದಲಾಗಲಾರದು. ವೈದ್ಯರು ದಿನವೂ ಸೇದಲು ಕೊಟ್ಟ ಔಷಧವನ್ನು "ಅಭ್ಯಾಸವಾಗಿಬಿಡುತ್ತದೆ" ಎಂಬ ಅಂಜಿಕೆಯಿಂದ ನಡುವೆ ಬಿಡುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅದು ಚಟವನ್ನುಂಟುಮಾಡುವ ವಸ್ತುವಲ್ಲ. ಮಾತ್ರೆಯಂತೆ ಇಡೀ ದೇಹವನ್ನು ಸುತ್ತದೆ ನೇರವಾಗಿ ನಾಳವನ್ನೇ ತಲಪುವುದರಿಂದ ಅದರ ಪ್ರಮಾಣವೂ ಅತ್ಯಲ್ಪವಾಗಿದ್ದರೆ ಸಾಕಾಗುತ್ತದೆ.