ನಿಮಗಿದು ಗೊತ್ತೆ? ಅತಿವಾಹಕಕ್ಕೂ ಇದೆ ಕರೆಂಟಿನ ಮಿತಿ

ಉಮರ್ಗಾ, ನಿಲಂಗಾ, ಉದಗೀರದ ರೋಗಿಗಳು ಲಾತೂರಿಗೋ ಸೋಲಾಪುರಕ್ಕೋ ಹೋಗಿ ಎಂಆರ್‌ಐ ಮಾಡಿಸಿಕೊಳ್ಳುವುದುಂಟು. 1.5 ಟೆಸ್ಲಾ ಯಂತ್ರದೊಳಗೆ ಇರುವುದು ನಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ. ದ್ರವ ಹೀಲಿಯಂ ಅದನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತದೆ. ಆ ಚಳಿಯಲ್ಲಿ ತಂತಿಗೆ ವಿದ್ಯುತ್ ರೋಧವೇ ಇಲ್ಲ; ಅಂದರೆ ಅದು ಅತಿವಾಹಕ. ಒಮ್ಮೆ ಹರಿಸಿದ ನೂರಾರು ಆಂಪಿಯರ್ ಕರೆಂಟು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಎಂಥ ಅದ್ಭುತ!

ಹಾಗೆಂದು ಬೇಕಾದಷ್ಟು ಹರಿಸುವಂತಿಲ್ಲ. ಕರೆಂಟು ಒಂದು ಮಿತಿ ದಾಟಿದರೆ ಅತಿವಾಹಕತೆಯೇ ಅಳಿಯುತ್ತದೆ. ತಾಪವೋ ಕಾಂತಕ್ಷೇತ್ರವೋ ಏರಿದರೆ ಆ ಮಿತಿ ಇನ್ನಷ್ಟು ಕೆಳಗಿಳಿಯುತ್ತದೆ. ತಂತಿಯ ಒಂದು ತುಣುಕು ಬಿಸಿಯಾದರೂ ಸಾಕು, ಬಿಸಿ ಸುರುಳಿಯುದ್ದಕ್ಕೂ ಹರಡಿ, ಹೀಲಿಯಂ ಕುದಿದು 700 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಆ ಅನಿಲವನ್ನು ಕಟ್ಟಡದ ಹೊರಗೆ ಬಿಡಲೆಂದೇ ಯಂತ್ರಕ್ಕೆ ದಪ್ಪ ಕೊಳವೆ ಜೋಡಿಸಿರುತ್ತಾರೆ.

1911ರಲ್ಲಿ ಅತಿವಾಹಕತೆಯನ್ನು ಕಂಡುಹಿಡಿದ ಡಚ್ ವಿಜ್ಞಾನಿ ಕ್ಯಾಮರ್ಲಿಂಗ್ ಓನ್ಸ್ 1913ರ ಹೊತ್ತಿಗೇ ಈ ಮಿತಿಯನ್ನೂ ಗುರುತಿಸಿದ್ದರು.