ಒಂದೇ ಸೀಸೆಯಲ್ಲಿ ಎರಡು ತಲೆಮಾರು

“ಎರಡು ಜಾತಿಯ ದ್ರಾಕ್ಷಿಯ ವೈನನ್ನು ಬೆರೆಸಿ ಮಾರುವುದು ಕಲಬೆರಕೆಯಲ್ಲದೆ ಮತ್ತೇನು?” ಎಂದು ವಾಚಕರೊಬ್ಬರು ಕೇಳಿದ್ದಾರೆ. ಹಾಲಿಗೆ ನೀರನ್ನೂ ತುಪ್ಪಕ್ಕೆ ಡಾಲ್ಡಾವನ್ನೂ ಸೇರಿಸುವುದನ್ನು ಕಂಡುಂಡ ನಮಗೆ ಈ ಶಂಕೆ ಸಹಜವೇ. ಆದರೆ ಕಲಬೆರಕೆಗೂ ಸಂಯೋಜನೆಗೂ ಇರುವ ಅಂತರವನ್ನು ಅರಿಯಬೇಕಾದರೆ, ಇಟಲಿಯ ಪಶ್ಚಿಮ ಕರಾವಳಿಯಲ್ಲಿ, ಟಸ್ಕನಿ ಪ್ರಾಂತದ ಬೊಲ್ಗೆರಿಯ ಬಳಿ ಇನ್‌ಚೀಸಾ ಮನೆತನದವರು ನಡೆಸಿಕೊಂಡು ಬಂದಿರುವ ದ್ರಾಕ್ಷಿತೋಟವೊಂದರ ಕಥೆಯನ್ನು ಕೇಳಬೇಕು.

ಸಾಂಜೊವೇಸೆ ಎಂಬ ದೇಶೀಯ ದ್ರಾಕ್ಷಿಯೇ ಮನ್ನಣೆ ಪಡೆದಿದ್ದ ಆ ಸೀಮೆಯಲ್ಲಿ, ಮಾರಿಯೊ ಇನ್‌ಚೀಸಾ ಎಂಬ ಭೂಮಾಲಿಕರು 1940ರ ದಶಕದಲ್ಲಿ, ತಮ್ಮ ಕಲ್ಲುನೆಲವು ಫ್ರಾನ್ಸಿನ ಬೋರ್ಡೋ ಸೀಮೆಯ ನೆಲವನ್ನು ಹೋಲುತ್ತದೆಂದು ನಂಬಿ, ಆ ಸೀಮೆಯ ಕ್ಯಾಬರ್ನೆ ಬಳ್ಳಿಗಳನ್ನು ತಂದು ನೆಟ್ಟರು. ಅಲ್ಲಿಯ ವೈನಿನ ‘ಸಾಸ್ಸಿಕಾಯಾ’ ಎಂಬ ಹೆಸರಿಗೆ ಕಲ್ಲುಗಳಿಂದ ತುಂಬಿದ ಎಡೆ ಎಂದೇ ಅರ್ಥ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮನೆಯ ಬಳಕೆಗಷ್ಟೇ ಸಲ್ಲುತ್ತಿದ್ದ ಆ ವೈನು 1968ರ ಸುಗ್ಗಿಯಿಂದ ಪೇಟೆಗೆ ಬಂದಾಗ, ಸ್ಥಳೀಯ ನಿಯಮಗಳಲ್ಲಿ ಅದಕ್ಕೆ ಎಡೆಯಿರಲಿಲ್ಲವಾದುದರಿಂದ ‘ಊಟದ ವೈನ್’ ಎಂಬ ಸಾಮಾನ್ಯ ಪಟ್ಟಿಯನ್ನೇ ಹೊತ್ತು ಮಾರಾಟವಾಯಿತು. 1978ರಲ್ಲಿ ಲಂಡನ್ನಿನ ರುಚಿಪರೀಕ್ಷೆಯೊಂದರಲ್ಲಿ ಅದು ನಾನಾ ದೇಶಗಳ ಕ್ಯಾಬರ್ನೆಗಳನ್ನು ಹಿಂದಿಕ್ಕಿತು. 1994ರಲ್ಲಿ ಇಟಲಿಯ ಕಾಯಿದೆಯೇ ಅದರ ನೆಲದ ಹೆಸರನ್ನು ಮಾನ್ಯಮಾಡಿತು.

ಅದರ ಪಾಕ ಸರಳವಾದುದು: ನೂರರಲ್ಲಿ ಸುಮಾರು 85 ಪಾಲು ಕ್ಯಾಬರ್ನೆ ಸೊವಿನ್ಯೋನ್, ಉಳಿದುದು ಕ್ಯಾಬರ್ನೆ ಫ್ರಾಂಕ್. ಇವೆರಡಕ್ಕೂ ಇರುವ ನಂಟು ಏನೆಂಬುದು ಪ್ರಯೋಗದಿಂದ ಸ್ಥಿರಪಟ್ಟದ್ದು 1997ರಷ್ಟು ಈಚೆಗೆ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಬೋವರ್ಸ್ ಮತ್ತು ಕ್ಯಾರಲ್ ಮೆರಿಡಿತ್ ಇವರ ಕೈಯಲ್ಲಿ. ಡಿಎನ್ಎಯಲ್ಲಿ ಮರುಕಳಿಸುವ ಸಣ್ಣ ತುಣುಕುಗಳನ್ನು ಎಣಿಸಿ ಹೋಲಿಸಿದಾಗ, ಕ್ಯಾಬರ್ನೆ ಸೊವಿನ್ಯೋನಿನ ಪ್ರತಿಯೊಂದು ಗುರುತಿನಲ್ಲಿಯೂ ಒಂದು ಪ್ರತಿ ಕ್ಯಾಬರ್ನೆ ಫ್ರಾಂಕಿನಿಂದಲೂ ಮತ್ತೊಂದು ಪ್ರತಿ ಸೊವಿನ್ಯೋನ್ ಬ್ಲಾಂಕಿನಿಂದಲೂ ಬಂದಿರುವುದು ಕಂಡಿತು. ಬ್ಲಾಂಕ್ ಬಿಳಿಯ ದ್ರಾಕ್ಷಿ! ಕಡುಗಪ್ಪು ಹಣ್ಣಿನ ಹೆತ್ತವರಲ್ಲಿ ಒಬ್ಬರು ಬಿಳಿಯರೆಂದು ಯಾರು ಊಹಿಸಿದ್ದರು?

ನಮ್ಮ ಆಪೂಸು ಮಾವನ್ನು ಓಟೆಯಿಂದ ಬೆಳೆಸಿದರೆ ಆಪೂಸಿನ ಗುಣ ಉಳಿಯುವುದಿಲ್ಲ. ಕಸಿಯಿಂದ ಮಾತ್ರ ಉಳಿಯುತ್ತದೆ. ದ್ರಾಕ್ಷಿಯೂ ಹಾಗೆಯೇ. ಯಾರೂ ಬಿತ್ತದೆ, ಯಾರೂ ಬಯಸದೆ, ಎಂದೋ ಒಂದು ಬೇಲಿಯ ಬದಿಯಲ್ಲೋ ತೋಟದ ಅಂಚಿನಲ್ಲೋ ಮೊಳೆತ ಒಂದೇ ಒಂದು ಸಸಿಯ ಕಡ್ಡಿಗಳೇ ಕೈಯಿಂದ ಕೈಗೆ ದಾಟುತ್ತ ಇಂದು ಲೋಕದ ಎಲ್ಲ ಕ್ಯಾಬರ್ನೆ ಸೊವಿನ್ಯೋನ್ ತೋಟಗಳಾಗಿವೆ. ಆದಕಾರಣ ಬೊಲ್ಗೆರಿಯ ಪೀಪಾಯಿಯಲ್ಲಿ ಕೂಡುವುವು ಪರಕೀಯ ದ್ರವಗಳಲ್ಲ. ಹಡೆದ ಬಳ್ಳಿ ಮತ್ತು ಹುಟ್ಟಿದ ಬಳ್ಳಿ.

ಇನ್ನು ರುಚಿ. ನಮ್ಮ ಭಾಷೆಯಲ್ಲಿ ‘ಒಗರು’ ಎಂಬ ಅಚ್ಚ ಪದವೇ ಇರುವುದರಿಂದ ಇದನ್ನು ವಿವರಿಸುವುದು ಸುಲಭ. ಮಲೆನಾಡಿನಲ್ಲಿ ಅಡಕೆ ಬೇಯಿಸುವ ಹಂಡೆಯಲ್ಲಿ ಕೆಂಪಗೆ ಕುದಿಯುವ ಚೊಗರನ್ನು ನಾನು ಬೆರಳದ್ದಿ ನಾಲಗೆಗೆ ಹಚ್ಚಿಕೊಂಡದ್ದುಂಟು. ಬಾಯೊಳಗಿನ ತೇವವೆಲ್ಲ ಎಲ್ಲಿಯೋ ಇಂಗಿಹೋದಂತಾಗಿ ಕೆನ್ನೆಗಳು ಒಳಗೆ ಸೆಳೆದವು. ಜೊಲ್ಲಿನ ಪ್ರೋಟೀನುಗಳನ್ನು ಟ್ಯಾನಿನ್ ಹಿಡಿದುಕೊಂಡು ಬಾಯಿಯ ಜಾರುತನವನ್ನು ಕಳೆಯುವುದೇ ಅದರ ಕಾರಣ. ದ್ರಾಕ್ಷಿಯ ಬೀಜ, ಸಿಪ್ಪೆಗಳಲ್ಲಿರುವುದೂ ಇದೇ ಕುಲದ ಟ್ಯಾನಿನ್. ಕಿರಿಯ ಬಳ್ಳಿಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಆದುದರಿಂದ ಒಗರು ಹೆಚ್ಚು. ಹಿರಿಯದರದು ಹಗುರ, ಅದರ ಪರಿಮಳವೇ ಮುಂದು. ಎರಡರಲ್ಲೂ ದೊಣ್ಣೆಮೆಣಸಿನಕಾಯಿಯ ವಾಸನೆ ಇಣುಕುವುದುಂಟು: ಪೈರಜಿನ್ ಎಂಬ ಕುಲದ ಆ ವಸ್ತು ಲೀಟರಿಗೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲಿದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ, ಬಿಳಿಯ ಸೊವಿನ್ಯೋನಿನಲ್ಲಿಯೂ ಅದೇ ಇದೆ. ಮನೆತನದ ಹೋಲಿಕೆ ಮುಖದಲ್ಲಲ್ಲದೆ ವಾಸನೆಯಲ್ಲಿ ಕಾಣುವುದು ಎಂಥ ಸೋಜಿಗ!

ಕಡಲತೀರದ ವೈನಿನಲ್ಲಿ ಉಪ್ಪುಗಾಳಿಯೇ ರುಚಿಯಾಗಿ ಇಳಿದಿದೆಯೆಂದು ಮಾರಾಟಗಾರರು ಹೇಳುವ ಮಾತನ್ನು ನಾನು ನಂಬಲಾರೆ. ಕಡಲ ಮುಖ್ಯ ಉಪಕಾರ ಬೇರೆ: ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಬೇಸಗೆಯ ಉರಿಯನ್ನು ತಗ್ಗಿಸುತ್ತದೆ, ಹಿಮದ ಭಯವನ್ನೂ ದೂರವಿಡುತ್ತದೆ. ಹೀಗೆ ನೀಳವಾಗುವ ಶರತ್ಕಾಲ, ತಡವಾಗಿ ಮಾಗುವ ಕಿರಿಯ ಬಳ್ಳಿಗೆ ಬೇಕೇ ಬೇಕು. ಹಿರಿಯದು ಅದಕ್ಕಿಂತ ಮೊದಲೇ ಹಣ್ಣಾಗಿ, ಬುಟ್ಟಿ ಸೇರಿರುತ್ತದೆ.