ನೆರಳು ಗಿಡ್ಡವಾದಾಗ

ನಿವೃತ್ತನಾದಾಗಿನಿಂದ ನನ್ನದೊಂದು ನಿಯಮ. ಬೆಳಿಗ್ಗೆ 7ಕ್ಕೆ ಮುಚ್ಚಿದ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಎಳೆಬಿಸಿಲಿನಲ್ಲಿ ಪೇಪರ್ ಓದುವುದು. ವಿಟಮಿನ್ ಡಿ ಪುಕ್ಕಟೆ ಸಿಗುತ್ತಿದೆಯೆಂದು ಹೆಮ್ಮೆ ಬೇರೆ! ಕಳೆದ ವರ್ಷ ಸೊಂಟನೋವು ಬಂದು ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ತೀರಾ ಕಡಿಮೆ.

"ದಿನಾ ಬಿಸಿಲಿಗೆ ಕೂರ್ತೀನಲ್ಲ ಡಾಕ್ಟ್ರೇ?"

ವೈದ್ಯರು ನಕ್ಕರು. ನಮ್ಮ ಚರ್ಮ ಈ ವಿಟಮಿನ್ ತಯಾರಿಸಲು ಯುವಿ-ಬಿ ಕಿರಣ ಬೇಕು. ಗಾಜು ಶಾಖವನ್ನು ಒಳಗೆ ಬಿಟ್ಟರೂ ಆ ಕಿರಣವನ್ನು ತಡೆಯುತ್ತದೆ. ಮುಂಜಾನೆಯ ಓರೆಬಿಸಿಲಿನಲ್ಲಂತೂ ಅದು ಬಲು ಕಡಿಮೆ. ಸಾಲದ್ದಕ್ಕೆ ವಯಸ್ಸಾದ ಚರ್ಮ ನಿಧಾನ, ಕಪ್ಪು ಚರ್ಮಕ್ಕೆ ಇನ್ನಷ್ಟು ಹೊತ್ತು ಬೇಕು.

ಐದನೇ ತರಗತಿಯ ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಸೀಮೆಸುಣ್ಣ ಹಿಡಿದು ತಾರಸಿಗೆ ಎಳೆದೊಯ್ದಳು. 7 ಗಂಟೆಗೆ ನನ್ನ ನೆರಳು ಗೋಡೆಯವರೆಗೆ ಚಾಚಿತ್ತು. 11ಕ್ಕೆ ನನಗಿಂತ ಗಿಡ್ಡವಾಗಿತ್ತು. ಮಕ್ಕಳೇ, ನೆರಳು ನಿಮಗಿಂತ ಗಿಡ್ಡವಾದಾಗ ಆ ಕಿರಣ ಚೆನ್ನಾಗಿ ಸಿಗುತ್ತದೆ. ಆದರೆ ಚರ್ಮ ಸುಡುವುದೂ ಅದೇ ಹೊತ್ತಿನಲ್ಲಿ! ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿದರೆ ಸಾಕು. ಆಮೇಲೆ ಕೊಡೆ, ಟೋಪಿ, ಮರದ ನೆರಳು.

"ಕಪ್ಪಾಗ್ತೀಯ, ಒಳಗೆ ಬಾ" ಎನ್ನುತ್ತಿದ್ದ ಸೊಸೆಯೂ ಈಗ ಸುಮ್ಮನಾಗಿದ್ದಾಳೆ.

ವೈದ್ಯರು ವಾರಕ್ಕೊಂದು ಮಾತ್ರೆಯನ್ನೂ ಕೊಟ್ಟಿದ್ದಾರೆ. ಬೇಗ ಗುಣವಾಗಲೆಂದು ದಿನಾ ನುಂಗಲು ಹೊರಟಿದ್ದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದಂತೆ. ಹಾಗಾಗಿ ಮಾತ್ರೆಯ ಡಬ್ಬಿ ಈಗ ಮೊಮ್ಮಗಳ ಸುಪರ್ದಿಯಲ್ಲಿದೆ.

ರಜೆಯ ದಿನ ಅವಳೇ ಕೂಗುತ್ತಾಳೆ: "ಅಜ್ಜಾ, ನೆರಳು ಗಿಡ್ಡ ಆಯ್ತು, ಬನ್ನಿ!"

ಮೆಟ್ಟಿಲು ಹತ್ತಿ ಹೋಗುತ್ತೇನೆ.